ನೆನಪಿಗೊಂದು ಹೊತ್ತು: ಸೂಫಿ ಸಾಧನೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಐಟಿ ಕಂಪನಿಯಲ್ಲಿ ಕೆಲಸ. ಕಣ್ಣು ಬಿಟ್ಟ ಕೂಡಲೇ ಮೊಬೈಲ್ ಕೈಗೆ ಬರುತ್ತದೆ. ರಾತ್ರಿಯವರೆಗೂ ಮನಸ್ಸು ಚೆಲ್ಲಾಪಿಲ್ಲಿ. ನಮಾಜ್ ಬಿಟ್ಟಿಲ್ಲ, ಆದರೆ ಅದರಲ್ಲಿ ಮನಸ್ಸು ನಿಲ್ಲುವುದಿಲ್ಲ. ಮನೆಯಲ್ಲೇ ಜಿಕ್ರ್ ಶುರು ಮಾಡಬಹುದೇ? (ಬೆಂಗಳೂರು)

ಉತ್ತರ: ಖಂಡಿತ ಮಾಡಬಹುದು. ಜಿಕ್ರ್ ಎಂದರೆ ನೆನೆಯುವುದು. ದೇವರ ಮೇಲೆ ಪ್ರೀತಿ ಹುಟ್ಟಲಿ, ಆಮೇಲೆ ನೆನೆಯೋಣ ಎಂದು ಕಾಯುತ್ತ ಕೂತರೆ ಆ ದಿನ ಬರುವುದೇ ಇಲ್ಲ. ನೆನೆಯುತ್ತ ನೆನೆಯುತ್ತಲೇ ಪ್ರೀತಿ ಬೆಳೆಯುತ್ತದೆ ಎಂಬುದು ಸೂಫಿಗಳ ನಂಬಿಕೆ. ಹಾಗಾಗಿ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಹೊತ್ತು.

ಫಜರ್ (ನಸುಕಿನ) ನಮಾಜ್ ಮುಗಿದ ಮೇಲೆ ಏಳಬೇಡಿ, ಅದೇ ಜಾನಮಾಜಿನ (ನಮಾಜಿನ ಚಾಪೆಯ) ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ. ವುಜು, ಅಂದರೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆದ ಶುದ್ಧಿ, ಹೇಗೂ ಇರುತ್ತದೆ. 11 ಸಲ ದರೂದ್ (ಪ್ರವಾದಿಯವರಿಗಾಗಿ ಪ್ರಾರ್ಥನೆ), 100 ಸಲ ‘ಅಸ್ತಗ್‌ಫಿರುಲ್ಲಾಹ್’ (ಅಲ್ಲಾಹನಲ್ಲಿ ಕ್ಷಮೆ ಬೇಡುತ್ತೇನೆ), 100 ಸಲ ‘ಲಾ ಇಲಾಹ ಇಲ್ಲಲ್ಲಾಹ್’ (ಅಲ್ಲಾಹನಲ್ಲದೆ ಬೇರೆ ದೇವರಿಲ್ಲ), ಕೊನೆಗೆ ಮತ್ತೆ 11 ದರೂದ್. ಆತುರವಿಲ್ಲದೆ ಹೇಳಿದರೆ ಸುಮಾರು 15 ನಿಮಿಷ. ದನಿ ನಿಮ್ಮ ಕಿವಿಗೆ ಕೇಳಿದರೆ ಸಾಕು, ಪಕ್ಕದ ಕೋಣೆಗೆ ಕೇಳಬೇಕಿಲ್ಲ. 40 ದಿನ ಈ ಲೆಕ್ಕವನ್ನು ಹೆಚ್ಚಿಸಲೂ ಬೇಡಿ, ಇಳಿಸಲೂ ಬೇಡಿ.

ಎಣಿಸಲು ತಸ್ಬೀಹ್ (ಜಪಮಾಲೆ) ಹಿಡಿಯಿರಿ, ಇಲ್ಲವೇ ಬೆರಳ ಗೆಣ್ಣು ಎಣಿಸಿ. ಮೊಬೈಲಿನ ಕೌಂಟರ್ ಆ್ಯಪ್ ಮಾತ್ರ ಬೇಡ. ಯಾವುದರಿಂದ ಬಿಡಿಸಿಕೊಳ್ಳಲು ಕೂತಿದ್ದೀರೋ ಅದೇ ಕೈಯಲ್ಲಿರುತ್ತದೆ, ಮೂವತ್ತನೇ ಎಣಿಕೆಗೆ ಆಫೀಸಿನ ಮೆಸೇಜ್ ಬಂದು ಬೀಳುತ್ತದೆ.

ಪ್ರಶ್ನೆ: ವಿಡಿಯೊ ನೋಡಿ ಜರ್ಬ್ ಹಾಕುವ ಜಿಕ್ರ್ ಶುರು ಮಾಡಿದೆ. ನಾಲ್ಕೇ ದಿನಕ್ಕೆ ತಲೆಸುತ್ತು, ಕುತ್ತಿಗೆ ನೋವು. ಎಲ್ಲಿ ತಪ್ಪಿತು? (ಹುಬ್ಬಳ್ಳಿ)

ಉತ್ತರ: ಜರ್ಬ್ ಎಂದರೆ ಪೆಟ್ಟು. ಚಿಷ್ತಿ ಎಂಬ ಸೂಫಿ ಪಂಥದ ಪದ್ಧತಿಯಲ್ಲಿ ‘ಲಾ’ ಎನ್ನುವುದನ್ನು ಹೊಕ್ಕುಳ ಕಡೆಯಿಂದ ಎತ್ತಿ, ‘ಇಲಾಹ’ ಎನ್ನುತ್ತ ತಲೆಯನ್ನು ಬಲ ಭುಜಕ್ಕೆ ತಂದು, ‘ಇಲ್ಲಲ್ಲಾಹ್’ ಎಂಬುದನ್ನು ಎಡಗಡೆ ಎದೆಯ ಮೇಲೆ ಇಳಿಸುತ್ತಾರೆ. ಮೊದಲರ್ಧ ನಫಿ: ದೇವರಲ್ಲದ್ದನ್ನೆಲ್ಲ ಮನಸ್ಸಿನಿಂದ ಹೊರಗೆ ಹಾಕುವುದು. ಉಳಿದರ್ಧ ಇಸ್ಬಾತ್: ಅವನೊಬ್ಬನನ್ನೇ ಒಳಗೆ ನಿಲ್ಲಿಸುವುದು. ಪೆಟ್ಟು ಬೀಳಬೇಕಾದದ್ದು ಗಮನದಿಂದ. ವಿಡಿಯೊದಲ್ಲಿ ಕಾಣುವುದು ಕತ್ತಿನ ಆಟ ಮಾತ್ರ, ಒಳಗಿನ ಗಮನ ಕಾಣುವುದಿಲ್ಲ. ನೋಡಿ ಕಲಿತವರು ಕತ್ತನ್ನು ಜೋರಾಗಿ ಎಸೆಯುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ, ಊಟವಾದ ತಕ್ಷಣ ಕೂರುತ್ತಾರೆ. ತಲೆಸುತ್ತು ಬರುವುದು ಅದಕ್ಕೇ. ಈಗ ಜರ್ಬ್ ನಿಲ್ಲಿಸಿ, ತಲೆ ಅಲ್ಲಾಡಿಸದೆ ಮೆಲುದನಿಯಲ್ಲಿ ಹೇಳಿ. ನೋವು, ತಲೆಸುತ್ತು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

‘ಬಾರಹ್ ತಸ್ಬೀಹ್’ ಮಾಡಲೇ ಎಂದೂ ಕೇಳಿದ್ದೀರಿ. ಅದರ ಲೆಕ್ಕ ಹೀಗಿದೆ: ‘ಲಾ ಇಲಾಹ ಇಲ್ಲಲ್ಲಾಹ್’ 200, ‘ಇಲ್ಲಲ್ಲಾಹ್’ 400, ‘ಅಲ್ಲಾಹು ಅಲ್ಲಾಹ್’ 600, ಕೊನೆಗೆ ‘ಅಲ್ಲಾಹ್’ 100. ಬಾರಹ್ ಎಂದರೆ ಹನ್ನೆರಡು, ತಸ್ಬೀಹ್ ಎಂದರೆ ಇಲ್ಲಿ ನೂರರ ಒಂದು ಸುತ್ತು. ಹೆಸರು ಹನ್ನೆರಡಾದರೂ ಸುತ್ತು ಹದಿಮೂರು, ಒಟ್ಟು 1300. ಇದನ್ನು ಪೀರ್ (ಸೂಫಿ ಗುರು) ಕೊಡದೆ ಯಾರೂ ತಾವಾಗಿ ಎತ್ತಿಕೊಳ್ಳಬಾರದು. ಯಾರಿಗೆ ಎಷ್ಟು, ಯಾವಾಗ ತಗ್ಗಿಸಬೇಕು ಎಂದು ಮುಖ ನೋಡಿ ಹೇಳುವವರು ಬೇಕು. ಹಣ ಕೇಳುವ, ಪವಾಡದ ಆಸೆ ಹುಟ್ಟಿಸುವ, ‘ನಮಾಜ್ ಬೇಡ, ನಾನಿದ್ದೇನೆ’ ಎನ್ನುವ ಪೀರರಿಂದ ದೂರವಿರಿ.

ಪ್ರಶ್ನೆ: ಜಿಕ್ರ್ ಶುರು ಮಾಡಿದ ಮೊದಲ ಎರಡು ವಾರ ಕಣ್ಣೀರು ಬರುತ್ತಿತ್ತು. ಈಗ ಏನೂ ಇಲ್ಲ, ಬರೀ ಎಣಿಕೆ. ನನ್ನಲ್ಲಿ ಪ್ರೀತಿಯೇ ಇಲ್ಲವೇ? (ಮೈಸೂರು)

ಉತ್ತರ: ಹೀಗಾಗುವುದಕ್ಕೆ ಹೆಸರೇ ಇದೆ. ಮನಸ್ಸು ಅರಳುವುದು ಬಸ್ತ್, ಮುದುಡುವುದು ಕಬ್ಜ್. ಎರಡೂ ದೇವರ ಕಡೆಯಿಂದಲೇ ಬರುತ್ತವೆ ಎನ್ನುತ್ತಾರೆ. ಮುದುಡಿದ ಹೊತ್ತಿನಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಬಿಟ್ಟುಬಿಡುವುದು. ಇನ್ನೊಂದು, ಕಣ್ಣೀರು ಮತ್ತೆ ಬರಲಿ ಎಂದು ಎಣಿಕೆಯನ್ನು ಇಮ್ಮಡಿ ಮಾಡುವುದು. ಎರಡನೆಯದು ಹೆಚ್ಚು ಹಾನಿ, ಏಕೆಂದರೆ ಅಲ್ಲಿಗೆ ನೀವು ಹುಡುಕುತ್ತಿರುವುದು ದೇವರನ್ನಲ್ಲ, ಕಣ್ಣೀರಿನ ಸುಖವನ್ನು. ಒಂದಾದ ಮೇಲೊಂದು ರೀಲ್ಸ್ ತಳ್ಳುವಾಗ ಬೇಕಾಗುವುದೂ ಅಂಥದೇ ಸುಖ. ಬಸ್ರಾದ ರಾಬಿಯಾ (ನಿಧನ 801) ನರಕದ ಭಯವೂ ಬೇಡ, ಸ್ವರ್ಗದ ಆಸೆಯೂ ಬೇಡ, ನೀನೇ ಬೇಕು ಎಂದು ಬೇಡಿದವರೆಂದು ಪ್ರಸಿದ್ಧಿ. ಬೇಡದ ಪಟ್ಟಿಗೆ ನಮ್ಮ ಕಾಲದವರು ಈ ಸುಖವನ್ನೂ ಸೇರಿಸಬೇಕು. ಅದೇ ಹೊತ್ತು, ಅದೇ 100. ಒಣಗಿದ್ದರೂ ಕೂರಿ.

ಪ್ರಶ್ನೆ: ಮನೆ, ಮಕ್ಕಳು, ಅತ್ತೆ ಮಾವ. ಬೆಳಗ್ಗೆ ಜಿಕ್ರಿಗೆ ಹದಿನೈದು ನಿಮಿಷ ಎಲ್ಲಿಂದ ತರಲಿ? (ವಿಜಯಪುರ)

ಉತ್ತರ: ನಿಮ್ಮ ಊರಿನ ಸೂಫಿಗಳು ಈ ಪ್ರಶ್ನೆಗೆ ಮುನ್ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ದಾರಿ ತೋರಿದ್ದಾರೆ. ಆದಿಲ್‌ಶಾಹಿ ಕಾಲದ ಬಿಜಾಪುರದ ಚಿಷ್ತಿಗಳು ದಖನಿ ಭಾಷೆಯಲ್ಲಿ ‘ಚಕ್ಕಿನಾಮಾ’ಗಳನ್ನು ಕಟ್ಟಿದರು. ಅವು ಹೆಂಗಸರು ಬೀಸುವಾಗ ಹಾಡುವ ಪದಗಳು. ಅವುಗಳಲ್ಲೊಂದರಲ್ಲಿ ಬೀಸುಕಲ್ಲಿನ ಗೂಟ ನೆಟ್ಟಗೆ ನಿಂತ ಅಲಿಫ್ ಅಕ್ಷರ, ಅಂದರೆ ಅಲ್ಲಾಹ್. ನಡುವಿನ ಕೀಲು ಪ್ರವಾದಿ ಮುಹಮ್ಮದರು. ಗೂಟ ಹಿಡಿದು ಕಲ್ಲು ತಿರುಗಿಸಿದಂತೆ ‘ಹೂ’ (ಅವನು), ‘ಅಲ್ಲಾಹ್’ ಎಂಬ ನಾಮ ಬಾಯಿಗೆ ಬರುತ್ತದೆ. ಕೆಲಸದ ಲಯವೇ ಜಿಕ್ರಿನ ಲಯ. ಬೆಳಗಿನ ಜಾವ ಎದ್ದು ಬೀಸುತ್ತಿದ್ದ ಆ ತಾಯಂದಿರಿಗೂ ಬಿಡುವು ಇರಲಿಲ್ಲ.

ಬೀಸುಕಲ್ಲು ಮೂಲೆ ಸೇರಿದೆ, ಆದರೆ ಒಂದೇ ಲಯದಲ್ಲಿ ನಡೆಯುವ ಕೆಲಸ ಈಗಲೂ ಇದೆ. ಜೋಳದ ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ಮಗುವನ್ನು ತೂಗುವುದು. ಇಂಥ ಒಂದೇ ಕೆಲಸ ಆರಿಸಿ, ಅದಕ್ಕೆ ಒಂದೇ ನಾಮ ಕಟ್ಟಿಕೊಳ್ಳಿ. ಎಣಿಸಬೇಡಿ. ಲೆಕ್ಕ ಇಡಬೇಕಾದ ಅಥವಾ ಮಾತಾಡಬೇಕಾದ ಕೆಲಸಕ್ಕೆ ಇದು ಹೊಂದುವುದಿಲ್ಲ, ಎರಡೂ ಕೆಡುತ್ತವೆ.

ಆಫೀಸಿನವರಿಗೆ ನಕ್ಷ್‌ಬಂದಿ ಎಂಬ ಸೂಫಿ ಪಂಥದವರ ‘ಖಲ್ವತ್ ದರ್ ಅಂಜುಮನ್’ ಹೊಂದುತ್ತದೆ. ಸಭೆಯ ನಡುವೆ ಏಕಾಂತ ಎಂದರ್ಥ. ಅವರ ಜಿಕ್ರ್ ಮೌನದ್ದು, ತುಟಿಯೂ ಅಲ್ಲಾಡುವುದಿಲ್ಲ. ಲಿಫ್ಟಿಗೆ ಕಾಯುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಮೊಬೈಲ್ ತೆಗೆಯದೆ ಹತ್ತು ಉಸಿರು ನಾಮದೊಂದಿಗೆ ಬಿಡಿ.

ಪ್ರಶ್ನೆ: ಇಯರ್‌ಫೋನಿನಲ್ಲಿ ಖವ್ವಾಲಿ ಕೇಳುವುದೂ ಸಾಧನೆಯೇ? (ಮಂಗಳೂರು)

ಉತ್ತರ: ಕೇಳಿ, ತಪ್ಪಿಲ್ಲ. ಆದರೆ ಅದನ್ನು ಸಮಾ, ಅಂದರೆ ಸೂಫಿಗಳು ಕೂಡಿ ಕೂತು ಹಾಡು ಕೇಳುವ ಸಾಧನೆ, ಎನ್ನಲಾಗದು. ಸಮಾಕ್ಕೆ ತಕ್ಕ ಕಾಲ, ತಕ್ಕ ಜಾಗ, ತಕ್ಕ ಜೊತೆಗಾರರು ಮೂರೂ ಬೇಕೆಂದು ಹಿರಿಯರು ಕಟ್ಟು ಹಾಕಿದ್ದರು. ಇನ್ನೊಂದು ಕೆಲಸ ಮಾಡುತ್ತ ಕೇಳಿದರೆ ಅದು ಬರೀ ಹಿನ್ನೆಲೆ ಸಂಗೀತ.

ಪ್ರಶ್ನೆ: ನಾವು ಹಿಂದೂಗಳು. ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ ಹೋಗಿ ಸುಮ್ಮನೆ ಕೂತು ಬರುವ ಆಸೆ. ಹೋಗಬಹುದೇ? (ದಾವಣಗೆರೆ)

ಉತ್ತರ: ಧಾರಾಳವಾಗಿ ಹೋಗಿ, ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ಖ್ವಾಜಾ ಬಂದೇ ನವಾಜರು ದೆಹಲಿಯ ಚಿಷ್ತಿ ಗುರು ಚಿರಾಗ್ ನಸೀರುದ್ದೀನರ ಶಿಷ್ಯರು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ದೆಹಲಿ ಬಿಟ್ಟು ದಖನ್ನಿಗೆ ಹೊರಟವರು. ಆಗಲೇ ಎಪ್ಪತ್ತು ದಾಟಿತ್ತು. 1422ರಲ್ಲಿ ಕಲಬುರಗಿಯಲ್ಲೇ ತೀರಿಕೊಂಡರು. ಉರುಸ್ ನಡೆಯುವುದು ಇಸ್ಲಾಮೀ ಪಂಚಾಂಗದ ಜಿಲ್ಕಾದ ತಿಂಗಳ ನಡುವೆ. ಚಾಂದ್ರಮಾನವಾದ್ದರಿಂದ ನಮ್ಮ ಗೋಡೆ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಸುಮಾರು 11 ದಿನ ಮುಂಚೆ ಬರುತ್ತದೆ. ಕೂರುವ ಆಸೆ ಇದ್ದರೆ ಉರುಸ್ ದಿನಗಳನ್ನೂ ಗುರುವಾರ ಸಂಜೆಯನ್ನೂ ಬಿಡಿ, ಜನ ಜಾಸ್ತಿ. ತಲೆಗೆ ಬಟ್ಟೆ ಇರಲಿ, ಹೊಸ್ತಿಲು ದಾಟಿ ಹೋಗಿ, ತುಳಿಯಬೇಡಿ. ಹೂವು, ಚಾದರ ಕಡ್ಡಾಯವಲ್ಲ. ಹೆಂಗಸರಿಗೆ ಎಲ್ಲಿಯವರೆಗೆ ಪ್ರವೇಶ ಎಂದು ಅಲ್ಲಿನ ಖಾದಿಮರನ್ನು (ದರ್ಗಾದ ಸೇವಕರನ್ನು) ಮೊದಲೇ ಕೇಳಿಕೊಳ್ಳಿ. ಆಮೇಲೆ ಅಂಗಳದಲ್ಲಿ ನೆರಳಿರುವ ಕಡೆ, ಹೋಗಿ ಬರುವವರಿಗೆ ಅಡ್ಡವಾಗದಂತೆ ಕೂರಿ. ಮೊಬೈಲ್ ಸೈಲೆಂಟ್ ಮಾಡುವುದಕ್ಕಿಂತ ಆಫ್ ಮಾಡಿಡುವುದು ಒಳ್ಳೆಯದು.