ಹೋಟೆಲ್ ಮುಚ್ಚಿದೆ. ‘ಸೋಲಿನಿಂದ ಕಲಿ’ ಅಂತಾರೆ, ಕಲಿಯೋದು ಹೇಗೆ?

ಎಂಟು ತಿಂಗಳು ನಡೆಸಿದ ಸಣ್ಣ ಹೋಟೆಲ್ ಮುಚ್ಚಬೇಕಾಯಿತು, ಎಲ್ಲರೂ ಸೋಲಿನಿಂದ ಕಲಿ ಅಂತಾರೆ, ಕಲಿಯೋದು ಹೇಗೆ ಅಂತ ಯಾರೂ ಹೇಳಲ್ಲ ಎಂದು ಬರೆದಿದ್ದೀರಿ. ನನಗೆ ಹೋಟೆಲ್ ಗೊತ್ತಿಲ್ಲ. ಆದರೆ ಅಣಬೆ ಬೆಳೆಯಲು ಹೋಗಿ ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಮೊದಲನೇ ಸಲ ಏನೂ ಕಲಿಯಲಿಲ್ಲ. ಆ ಕಥೆಯೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. 2018ರಲ್ಲಿ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಚಿಪ್ಪಣಬೆ ಶುರು ಮಾಡಿದೆ. ಕೇಳಿದರೆ ಸುಲಭದ ಕೆಲಸ. ಭತ್ತದ ಹುಲ್ಲು ಕತ್ತರಿಸಿ ರಾತ್ರಿಯಿಡೀ ನೆನೆಸಬೇಕು. ಮರುದಿನ ಬಿಸಿನೀರಲ್ಲಿ ಬೇಯಿಸಿ, ಬಸಿದು, ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಬೀಜ (ಅಣಬೆಯ ಎಳೆ ಹಬ್ಬಿಸಿದ ಕಾಳು) ತುಂಬಿ ಕತ್ತಲೆ ಕೋಣೆಯಲ್ಲಿ ತೂಗುಹಾಕಬೇಕು. ಹದಿನೈದು ಇಪ್ಪತ್ತು ದಿನಕ್ಕೆ ಆ ಬಿಳಿ ಎಳೆ ಹಬ್ಬಿ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ನನ್ನ 60 ಚೀಲದಲ್ಲಿ 47 ಹಸಿರಾದವು.

ಹಸಿರು ಬೂಷ್ಟು, ಟ್ರೈಕೋಡರ್ಮಾ. ಅಡಿಕೆ, ಕಾಳುಮೆಣಸಿನ ಬುಡಕ್ಕೆ ನಾವೇ ದುಡ್ಡು ಕೊಟ್ಟು ತಂದು ಗೊಬ್ಬರದ ಜೊತೆ ಹಾಕುತ್ತೇವಲ್ಲ, ಅದೇ ಕುಲದ್ದು! ತೋಟದಲ್ಲಿ ನೆಂಟ, ಅಣಬೆ ಮನೆಯಲ್ಲಿ ಕಳ್ಳ.

ಮೊದಲು ಬೀಜ ಮಾರಿದವರಿಗೆ ಫೋನ್ ಮಾಡಿ ಬೈದೆ. ಆಮೇಲೆ ಸಿಟ್ಟಿನಲ್ಲಿ ಎಲ್ಲ ಚೀಲ ಗೊಬ್ಬರಗುಂಡಿಗೆ ಎಸೆದೆ. ಒಂದನ್ನೂ ಬಿಚ್ಚಿ ನೋಡಲಿಲ್ಲ. ಮುಂದಿನ ಸಲ ಬೇರೆ ಕಡೆಯ ಬೀಜ, ಬೇರೆಯವರ ಗದ್ದೆಯ ಹುಲ್ಲು, ಗೋಡೆಗೆ ಹೊಸ ಸುಣ್ಣ. ಎಲ್ಲ ಒಟ್ಟಿಗೆ ಬದಲಾಯಿಸಿ 80 ಚೀಲ ಹಾಕಿದೆ. ಮತ್ತೆ ಅರ್ಧಕ್ಕಿಂತ ಜಾಸ್ತಿ ಹೋದವು. ಉಳಿದವು ಯಾಕೆ ಉಳಿದವು ಅಂತಲೂ ತಿಳಿಯಲಿಲ್ಲ. ಬೀಜದಿಂದಲೋ, ಹುಲ್ಲಿನಿಂದಲೋ, ಸುಣ್ಣದಿಂದಲೋ, ಯಾವುದು ಅಂತ ಹೇಳೋದು?

ಒಂದು ದಿನ ಅಮ್ಮ ಅಂದರು, “ಮಿಡಿ ಉಪ್ಪಿನಕಾಯಿ ಹಾಳಾದ್ರೆ ಮೊದ್ಲು ನೋಡೋದು ನೀರಿನ ಪಸೆ ಎಲ್ಲಿತ್ತು ಅಂತ. ನೀನು ಮಿಡಿ ತಂದವನನ್ನ ಬೈತಾ ಕೂತಿದ್ದೀಯಲ್ಲ ಮಾರಾಯ.”

ಆಗ ಕೆಟ್ಟ ಚೀಲಗಳನ್ನು ಕುಯ್ದು ನೋಡಿದೆ. ಹೆಚ್ಚಿನವುಗಳಲ್ಲಿ ಹಸಿರು ಶುರುವಾದದ್ದು ತಳದಲ್ಲಿ, ನೀರು ಇಳಿದು ನಿಂತ ಜಾಗದಲ್ಲಿ. ಮೊದಲ 47ರಲ್ಲೂ ಹೀಗೇ ಇತ್ತೋ ಏನೋ, ಅವು ಆಗಲೇ ಕೊಳೆತು ಹೋಗಿದ್ದವು. ಸಾಲದ್ದಕ್ಕೆ ಆ ಗುಂಡಿ ಕೊಟ್ಟಿಗೆಯಿಂದ ಹತ್ತು ಹೆಜ್ಜೆ. ಬೂಷ್ಟಿನ ಕಣ ಗಾಳಿಯಲ್ಲೇ ಹರಡುತ್ತದೆ. ಎರಡನೇ ನಷ್ಟಕ್ಕೆ ನಾನೇ ಬಿತ್ತನೆ ಮಾಡಿಟ್ಟ ಹಾಗಾಗಿತ್ತು.

ಮೂರನೇ ಸಲ 12 ಚೀಲ ಮಾತ್ರ. ಬೀಜ ಒಂದೇ, ಹುಲ್ಲು ಒಂದೇ. ನಾಲ್ಕು ಚೀಲದ ಹುಲ್ಲು ಒಂದು ಗಂಟೆ ಆರಿಸಿದೆ, ನಾಲ್ಕರದ್ದು ಮೂರು ಗಂಟೆ. ಉಳಿದ ನಾಲ್ಕರದ್ದು, ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳದೆ ಅಂಗೈ ಮಾತ್ರ ಒದ್ದೆಯಾಗುವವರೆಗೆ. ಯಾವುದು ಯಾವುದು ಅಂತ ಚೀಲದ ಮೇಲೇ ಮಾರ್ಕರ್‌ನಲ್ಲಿ ಬರೆದೆ. ಮೊದಲ ನಾಲ್ಕೂ ಹಸಿರಾದವು. ಕೊನೆಯ ನಾಲ್ಕರಲ್ಲಿ ಒಂದೂ ಇಲ್ಲ.

ನಾಚಿಕೆಯ ವಿಷಯ ಏನೆಂದರೆ, ಈ ಮುಷ್ಟಿ ಪರೀಕ್ಷೆ ಅಣಬೆ ಬೆಳೆಯುವವರಿಗೆಲ್ಲ ಗೊತ್ತಿರುವಂಥದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ತರಬೇತಿಯೇ ಇದೆ. ನಾನು ಯೂಟ್ಯೂಬ್ ನೋಡಿ ಸುಮ್ನೆ ಶುರು ಹಚ್ಚಿಕೊಂಡಿದ್ದೆ. ಬಸ್ಸಿನ ಟಿಕೆಟ್‌ನಲ್ಲಿ ಮುಗಿಯುವುದನ್ನು ನೂರು ಚೀಲ ಕಳೆದುಕೊಂಡು ಕಲಿತೆ. ಎಲ್ಲವನ್ನೂ ಸೋತೇ ಕಲಿಯಬೇಕು ಅಂತೇನಿಲ್ಲ, ಅಲ್ವಾ?

ಆಮೇಲೆ ಬೆಳೆ ಬಂತು, ಮಾರಾಟ ಆಗಲಿಲ್ಲ. ಹಸಿ ಅಣಬೆ ಹೊರಗಿಟ್ಟರೆ ಒಂದೆರಡು ದಿನ ಇದ್ದರೆ ಹೆಚ್ಚು. ಒಮ್ಮೆಗೇ ಎಲ್ಲ ಹಾಕುವ ಬದಲು ವಾರಕ್ಕೆ ಆರೇಳು ಚೀಲ ಹಾಕತೊಡಗಿದೆ, ಉಳಿದದ್ದನ್ನು ಒಣಗಿಸಿದೆ. ಇದಕ್ಕೆ ಜಾಸ್ತಿ ದಿನ ಹಿಡಿಯಲಿಲ್ಲ, ಯಾಕೆಂದರೆ ಆಗ ಲೆಕ್ಕ ಬರೆಯುವ ಪುಸ್ತಕ ಇಟ್ಟಿದ್ದೆ. ಈಗಲೂ ಇಪ್ಪತ್ತಕ್ಕೆ ಒಂದೆರಡು ಚೀಲ ಹೋಗುತ್ತವೆ. ದೂರ ಒಯ್ದು ಹೂಳುತ್ತೇನೆ, ಕುಯ್ದು ನೋಡಿದ ಮೇಲೆ.

ನೀವು ‘ಗಿರಾಕಿ ಬರಲಿಲ್ಲ’ ಅಂತ ಬರೆದಿದ್ದೀರಿ. ಬೆಳಿಗ್ಗೆ ತಿಂಡಿಗಾ, ಮಧ್ಯಾಹ್ನ ಊಟಕ್ಕಾ? ದಿನಾ ಎಷ್ಟು ಇಡ್ಲಿ ಉಳಿಯುತ್ತಿತ್ತು? ಮೊದಲಿಂದಲೇ ಬರಲಿಲ್ಲವಾ, ಇಲ್ಲ ಒಮ್ಮೆ ಬಂದವರು ಮತ್ತೆ ಬರಲಿಲ್ಲವಾ? ಇವೆರಡೂ ಬೇರೆ ಬೇರೆ ಕಾಯಿಲೆ. ಲೆಕ್ಕದ ಪುಸ್ತಕ, ದಿನಸಿ ಬಿಲ್ಲು ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಒಂದು ತಿಂಗಳದ್ದು ಇಲ್ಲಿ ಬರೆಯಿರಿ, ಹೋಟೆಲ್ ನಡೆಸಿದವರು ಯಾರಾದರೂ ನೋಡಿ ಹೇಳಿಯಾರು.