ಮುಖಾನೇ ಕಾಣದ ಗಲಾಟೆ

ಪ್ರಶ್ನೆ: ಸರ್, ನಾ ಪೇಂಟಿಂಗ್ ಕಲೀಲಿಕತ್ತೀನಿ. ಇಟಲಿಯ ಚಿತ್ರಕಾರ ಕಾರ್ಲೋ ಕರ್ರಾನ ‘ಅರಾಜಕತಾವಾದಿ (ಸರ್ಕಾರಾನೇ ಬ್ಯಾಡ ಅನ್ನೋ) ಗಾಲ್ಲಿಯ ಶವಯಾತ್ರೆ’ ಕ್ಲಾಸ್‌ನಾಗ ತೋರಿಸಿದ್ರು. ದೊಡ್ಡ ಗಲಾಟೆ ಚಿತ್ರ ಅಂತಾರ, ಆದ್ರ ಒಂದು ಮುಖಾನೂ ಸರಿಯಾಗಿ ಕಾಣಂಗಿಲ್ಲ. ಮತ್ತ ಮಂದಿ ಸಿಟ್ಟು ಹ್ಯಾಂಗ ಗೊತ್ತಾಗಬೇಕು?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಮುಖ ಬಿಡ್ರಿ, ಮೊದಲು ಕೋಲು ನೋಡ್ರಿ. ಚಿತ್ರದ ಮ್ಯಾಲಿನ ಭಾಗದಾಗ ಬಾವುಟದ ಕೋಲು, ಈಟಿ ಅದಾವಲ್ಲ, ಎಲ್ಲಾ ವಾಲ್ಯಾವ, ಒಂದಕ್ಕೊಂದು ಅಡ್ಡ ಬಂದಾವ. ನಮ್ಮ ಶರಣಬಸವೇಶ್ವರ ಜಾತ್ರಿಗೆ ಎಷ್ಟೇ ಮಂದಿ ಸೇರಲಿ, ಎಲ್ಲಾರ ಕಣ್ಣು ತೇರಿನ ಕಡೆ, ಉತ್ತತ್ತಿ ಒಗಿಯೋ ಕೈನೂ ಅದೇ ಕಡೆ, ಹಂಗಾಗಿ ನೂಕಾಟ ಇದ್ರೂ ಅದು ಗಲಾಟೆ ಅನ್ನಿಸಂಗಿಲ್ಲ. ಇಲ್ಲಿ ಮಂದಿಗೆ ಒಂದು ದಿಕ್ಕೇ ಇಲ್ಲ.

ನಡೆದದ್ದೇನಂದ್ರ, 1904ರಾಗ ಮಿಲಾನ್‌ನಾಗ ಮುಷ್ಕರದ ಹೊತ್ತಿಗೆ ಗಾಲ್ಲಿ ಕೊಲೆಯಾದ, ಅವನ ಮಣ್ಣಿಗೆ ಬಂದ ಮಂದೀನ ಸ್ಮಶಾನದ ಹತ್ರ ಕುದುರೆ ಪೊಲೀಸರು ತಡೆದ್ರು, ಹೊಡೆದಾಟ ಶುರು ಆತು, ಹೆಗಲ ಮ್ಯಾಲಿನ ಶವದ ಪೆಟ್ಟಿಗಿ ಇನ್ನೇನು ಬಿತ್ತು ಅನ್ನೋ ಹಂಗ ಓಲಾಡ್ತು. ಕರ್ರಾ ಅಲ್ಲೇ ಇದ್ದ. ಚಿತ್ರ ಬರೆದಿದ್ದು ಮಾತ್ರ 1910–11ಕ್ಕ, ಅಷ್ಟೊತ್ತಿಗೆ ವೇಗ, ಚಲನೆ ಮೆಚ್ಚೋ ಇಟಲಿ ಕಲಾವಿದರ ಫ್ಯೂಚರಿಸ್ಟ್ ಗುಂಪು ಸೇರಿದ್ದ, ನೋಡೋನ್ನ ಚಿತ್ರದ ನಟ್ಟನಡುವ ನಿಂದರಸಬೇಕು ಅನ್ನೋದು ಆ ಗುಂಪಿನ ಹಟ. ನಡುವ ಕೆಂಪು ಪೆಟ್ಟಿಗಿ ಅದ ನೋಡ್ರಿ, ಅಲ್ಲಿಗೆ ಕಣ್ಣು ಹೋಗ್ತದ, ಆದ್ರ ನಿಲ್ಲಂಗಿಲ್ಲ, ಸುತ್ತಲಿನ ಗೆರಿ ದಬ್ಬಿ ಹೊರಗ ಹಾಕ್ತಾವ. ಕೆಳಗಿನ ಮಂದಿ ಬರೀ ಕಪ್ಪು ಕಪ್ಪು ಮೈ, ಯಾರ ಕೈ ಯಾರದಂತ ತಿಳಿಯಂಗಿಲ್ಲ. ನೂಕಾಟದಾಗ ಸಿಕ್ಕೊಂಡೋರಿಗೆ ಮುಖ ಎಲ್ಲಿ ಕಾಣ್ತದ ಹೇಳ್ರಿ?

ಫ್ರಾನ್ಸಿನ ಚಿತ್ರಕಾರ ಡೆಲಕ್ರಾ 1830ರ ಪ್ಯಾರಿಸ್ ದಂಗೆ ಬರೆದಾಗ ಬಾವುಟ ಹಿಡಿದ ಹೆಣ್ಣುಮಗಳನ್ನ ಎತ್ತರಕ್ಕ ನಿಂದರಿಸಿದ, ಕಣ್ಣಿಗೆ ಒಂದು ಆಸರೆ ಸಿಕ್ತು. ಭಾರಿ ಚಿತ್ರ ಖರೆ, ಆದ್ರ ಅಲ್ಲಿ ನಾವು ದೂರ ನಿಂತು ನೋಡ್ತೀವಿ. ಕರ್ರಾನ ಗುಂಪಿನವನೇ ಆದ ಬೊಚ್ಚೋನಿಯ ‘ಗ್ಯಾಲರಿಯೊಳಗ ಜಗಳ’ (ಗ್ಯಾಲರಿ ಅಂದ್ರ ಮಿಲಾನ್‌ನ ಚಾವಣಿ ಇರೋ ಅಂಗಡಿ ಬೀದಿ) ಅಂತೂ ಬಣ್ಣದ ಚುಕ್ಕಿಯೊಳಗ ಭಾಳ ಚೆಂದ ಆಗಿ, ಜಗಳದ ಬಿಸಿನೇ ತಟ್ಟಂಗಿಲ್ಲ, ಇದು ನನ್ನ ಅಭಿಪ್ರಾಯ, ನಿಮ್ಮ ಸರ್ ಒಪ್ಪಲಿಕ್ಕಿಲ್ಲ.

ಇನ್ನೊಂದು, ಕರ್ರಾನ ಕ್ಯಾನ್ವಾಸು ಸುಮಾರು ಆರೂವರೆ ಫೂಟು ಎತ್ತರ, ಎಂಟೂವರೆ ಫೂಟು ಅಗಲ, ಈಗ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದಾಗ ಅದ. ಮೊಬೈಲ್‌ನಾಗ ನೋಡಿದ್ರ ಆ ದಬ್ಬೋ ಜೋರು ಗೊತ್ತೇ ಆಗಂಗಿಲ್ಲ. ದೊಡ್ಡ ಪ್ರಿಂಟ್ ತೆಗಿಸಿ, ತಲೆಕೆಳಗ ಮಾಡಿ, ಚಾರ್ಕೋಲ್‌ಲೆ ಬರೀ ಗೆರಿ ಎಳೀರಿ, ಮನುಷ್ಯಾರನ್ನ ಆಮ್ಯಾಲ ನೋಡೋಣಂತ.