ಮಡಿಕೇರಿಯಲ್ಲಿರುವ ನನಗೆ ಕರಾಟೆ, ಟೇಕ್ವಾಂಡೊ, ಜೂಡೊಗಳಲ್ಲಿ ಯಾವುದು ಹೊಂದುತ್ತದೆ?

ಎದುರಾಳಿಯಿಂದ ಎಷ್ಟು ದೂರದಲ್ಲಿ ನಿಂತು ಸೆಣಸಲು ನಿಮ್ಮ ದೇಹ ಒಗ್ಗುತ್ತದೆ ಎಂಬುದನ್ನು ನೋಡಿ ಆರಿಸಿಕೊಳ್ಳಿ. ಏಕೆಂದರೆ ಯಾವ ಅಂಗಕ್ಕೆ ಹೆಚ್ಚು ಶ್ರಮ ಬೀಳುತ್ತದೆ ಎಂಬುದನ್ನು ಬಹುಮಟ್ಟಿಗೆ ಆ ಅಂತರವೇ ನಿರ್ಧರಿಸುತ್ತದೆ. ಟೇಕ್ವಾಂಡೊದಲ್ಲಿ ಒದೆತವೇ ಪ್ರಧಾನವಾದ್ದರಿಂದ ಸೊಂಟ ಸಡಿಲವಾಗಿ ತಿರುಗಬೇಕು. ಕರಾಟೆ ಕೈಕಾಲುಗಳೆರಡನ್ನೂ ಬಳಸುತ್ತದೆ. ಜಪಾನಿನ ಕಾನೊ ಜಿಗೊರೊ 1882ರಲ್ಲಿ ಆರಂಭಿಸಿದ ಜೂಡೊದಲ್ಲಿ ಎದುರಾಳಿಯ ಉಡುಪನ್ನೇ ಹಿಡಿದು, ಸಮತೋಲ ತಪ್ಪಿಸಿ ಕೆಡವಬೇಕಾದ್ದರಿಂದ ಉದ್ದನೆಯ ಕಾಲಿಗಿಂತ ಗಟ್ಟಿ ಹಿಡಿತವೂ ಪೆಟ್ಟಾಗದಂತೆ ಬೀಳುವ ಅಭ್ಯಾಸವೂ ಮುಖ್ಯ. ಬೆನ್ನುನೋವಿರುವವರು ವೈದ್ಯರನ್ನು ಕೇಳಿಯೇ ಸೇರುವುದು ಒಳ್ಳೆಯದು. ಆಟದ ರೀತಿಯೇ ಯಾವ ಅಂಗಕ್ಕೆ ಶ್ರಮ ಬೀಳುತ್ತದೆ ಎಂಬುದನ್ನು ನಿರ್ಧರಿಸುವುದನ್ನು ಕೊಡಗಿನ ಬೆತ್ತದ ಸೆಣಸಾಟವಾದ ಪರಿಯಕಳಿಯಲ್ಲೂ ಕಾಣಬಹುದು: ಬೆತ್ತದಿಂದ ಮೊಣಕಾಲಿನ ಕೆಳಗಷ್ಟೇ ಹೊಡೆಯಬೇಕೆಂಬ ನಿಯಮ ಇಡೀ ಆಟವನ್ನು ಪಾದಗಳ ಚುರುಕಿಗೆ ಒಪ್ಪಿಸಿಬಿಡುತ್ತದೆ. ಎರಡು ಕಲೆಗಳು ಸಮಾನವಾಗಿ ಹಿಡಿಸಿದರೆ, ಜೂನ್ ನಂತರದ ಮಳೆಯಲ್ಲೂ ನೀವು ತಪ್ಪದೆ ತಲುಪಬಲ್ಲ ತರಗತಿಯನ್ನೇ ಆರಿಸುವುದು ನನ್ನ ಸಲಹೆ.